ಟವೆಲ್ಲಿನ ಕೆಳಗೆ ಒತ್ತಿದ ಕಿರುಬೆರಳು

ನನ್ನ ಅಕ್ಕನ ಮಗಳು ಹುಲಿಗೆಮ್ಮ ದಡ್ಡಿ ಆಗಿರಲಿಲ್ಲ. ಆಕೆಗೆ ಎಲ್ಲ ಬರುತ್ತಿತ್ತು. ಸಿಂಧನೂರಿನ ಇಂಗ್ಲಿಷ್ ಶಾಲೆಯ ಟೀಚರು ಗೋಡೆಯ ಮೇಲಿನ ಪ್ರಾಣಿಗಳ ಚಿತ್ರಕ್ಕೆ ಕೋಲು ಮುಟ್ಟಿಸಿ ಒಂದೊಂದರ ಇಂಗ್ಲಿಷ್ ಹೆಸರು ಕೇಳಿದಾಗ, ಐದು ವರ್ಷದ ಆ ಹುಡುಗಿ ಬಾಯಿ ಬಿಡದೆ ನಿಂತದ್ದು ಬರದೆ ಅಲ್ಲ. ನಾನು ಟವೆಲ್ಲಿನ ಕೆಳಗೆ ಆಕೆಯ ಕಿರುಬೆರಳನ್ನು ಒತ್ತಿ ಹಿಡಿದಿದ್ದೆ. ಮಾತಾಡಬೇಡ ಎಂದು ಅದರ ಅರ್ಥ. ಆಕೆ ಮಾತಾಡಲಿಲ್ಲ. ಆ ಶಾಲೆಯಲ್ಲಿ ನಮಗೆ ಸಿಗಬೇಕಾಗಿದ್ದ ಒಂದೇ ಜಾಗ ನನ್ನ ಮಗಳಿಗೆ ಸಿಕ್ಕಿತು.

ಇಷ್ಟೇ ವಿಷಯ. ಹೇಳಿದರೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯುವುದಿಲ್ಲ. ಆದರೆ ಇದನ್ನು ಹೊತ್ತುಕೊಂಡು ಇಪ್ಪತ್ತು ವರ್ಷದ ಮೇಲಾಯಿತು, ಈಗ ಹೆಗಲು ಸೋತಿದೆ. ಪಶ್ಚಾತ್ತಾಪ ಅನ್ನುವ ದೊಡ್ಡ ಮಾತು ಬೇಡ — ಸೋತಿದೆ, ಅಷ್ಟೇ.

ನಾನು ಮಸ್ಕಿಯವನು, ಅಮರಪ್ಪ. ಕುರಿ, ಆಡು, ಎಮ್ಮೆ ವ್ಯಾಪಾರ. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ಕಂಬಳಿ ಮಾತ್ರ. ಲಿಂಗಸುಗೂರಿನ ದನದ ಸಂತೆಯಲ್ಲಿ ಬೇರೆಯವರ ಎಮ್ಮೆಗಳ ಹಗ್ಗ ಹಿಡಿದು ನಿಲ್ಲುವುದರಿಂದ ಶುರು ಮಾಡಿದೆ. ಆಮೇಲೆ ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡಿ ಗುಣ ಹೇಳುವುದು ಕಲಿತೆ. ಆಮೇಲೆ ದಲ್ಲಾಳಿ, ಆಮೇಲೆ ಸ್ವಂತದ ವ್ಯಾಪಾರ. ಮೂರನೆಯ ಈಯತ್ತೆಗೆ ಶಾಲೆ ಬಿಟ್ಟವನು. ಈ ಬರೆಯುವ ಭಾಷೆ ಚಾದಂಗಡಿಯಲ್ಲಿ ಪೇಪರು ಓದಿ ಓದಿ ಬಂದದ್ದು.

ಎಮ್ಮೆ ಕೊಳ್ಳಲು ಹೊರಟವರು ಯಾರೇ ಸಿಕ್ಕರೂ ನಾನು ಒಂದು ಮಾತು ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ, ಅದು ನನ್ನ ಚಟ. ಮನಸ್ಸಿಗೆ ಬಂದ ಎಮ್ಮೆಯನ್ನು ಎರಡನೆಯ ಸಲ ನೋಡಬೇಡಿ. ಮಾಲೀಕನ ಎದುರಿಗೆ ಅದಕ್ಕೆ ಹೆಸರಿಡಿ. ಕೆಚ್ಚಲು ಸಣ್ಣದು ಅನ್ನಿ, ನಡಿಗೆ ಮಂದ ಅನ್ನಿ. ಬೇಡದ ಎಮ್ಮೆಯನ್ನು ಬಾಯ್ತುಂಬ ಹೊಗಳಿ. ಹೊಗಳಿದ್ದು ಅಲ್ಲೇ ಉಳಿಯುತ್ತದೆ, ತೆಗಳಿದ್ದು ಮನೆಗೆ ಬರುತ್ತದೆ.

ಇನ್ನು ದರವನ್ನಂತೂ ನಮ್ಮ ಸಂತೆಯಲ್ಲಿ ಬಾಯಿಂದ ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಕೈಗೆ ಕೈ ಕೊಟ್ಟು ಮೇಲೆ ಟವೆಲ್ಲು ಹೊದಿಸಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ಮಾತು ನಡೆಯುತ್ತದೆ. ಸುತ್ತ ಎಷ್ಟು ಜನ ನಿಂತಿರಲಿ, ಒಳಗಿನ ಮಾತು ಇಬ್ಬರಿಗೆ ಮಾತ್ರ ಗೊತ್ತು. ಮುಖ ಬೇರೆ ಹೇಳುತ್ತಿರುತ್ತದೆ, ಬೆರಳು ಬೇರೆ ಹೇಳುತ್ತಿರುತ್ತದೆ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಸುತ್ತಲಿನ ಮೂರು ಸಂತೆಯಲ್ಲೂ ಇರಲಿಲ್ಲ. ಅದನ್ನು ನಾನು ಒಂದು ಮಗುವಿಗೂ ಕಲಿಸಿದೆ.

ಅಕ್ಕ ಯಲ್ಲವ್ವ, ಭಾವ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು, ಕಟ್ಟಡದ ಕೆಲಸಕ್ಕೆ. ಹುಲಿಗೆಮ್ಮ ಇನ್ನೂ ತೊದಲುವಾಗಲೇ ನಮ್ಮ ಮನೆಯಲ್ಲಿ ಬಿಟ್ಟರು. ಅಕ್ಕ ಹೊರಡುವಾಗ ಮಗಳನ್ನು ನನ್ನ ತೊಡೆಯ ಮೇಲೆ ಕೂಡಿಸಿ, "ಅಮರಪ್ಪ, ನಾವಂತೂ ಇಟ್ಟಂಗಿ ಹೊತ್ತು ಸಾಯೋರು. ಇದಕ್ಕ ನಾಕ ಅಕ್ಷರ ಕಲಸಪಾ" ಅಂದಳು. ನನ್ನ ಮಗಳು ಸವಿತಾಗೂ ಅದೇ ವಯಸ್ಸು. ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು.

ಸವಿತಾ ಕುರಿ ಮೂಸಿದರೂ ಅಳುವ ಹುಡುಗಿ. ಹುಲಿಗೆಮ್ಮ ಹಾಗಲ್ಲ. ನಾನು ಗಾಡಿ ಶುರು ಮಾಡಿದ ಸದ್ದಿಗೆ ಓಡಿಬಂದು ಮುಂದೆ ಹತ್ತಿ ಕೂತುಬಿಡುತ್ತಿದ್ದಳು. ಹೀಗೆ ಒಂದು ಸಲ ಲಿಂಗಸುಗೂರು ಸಂತೆಯಲ್ಲಿ, ನನ್ನ ಕೈ ಟವೆಲ್ಲಿನೊಳಗೆ ಇದ್ದಾಗಲೇ, ಊರಿಗೆಲ್ಲ ಕೇಳುವಂತೆ, "ಮಾವ, ಈ ಎಮ್ಮಿ ಭಾಳ ಚಲೋ ಐತಿ, ಇದನ್ನ ತಗಂಡು ಹೋಗಣ" ಅಂದುಬಿಟ್ಟಳು. ಮಾಲೀಕ ನಕ್ಕ. "ನೋಡಪಾ ಅಮರಪ್ಪ, ನಿನಗಿಂತ ನಿನ್ನ ಸೊಸಿಗೆ ಎಮ್ಮಿ ಗೊತ್ತೈತಿ. ಇನ್ನ ನಾ ಬೆರಳು ಹಿಂದಕ್ಕ ತಗಿಯಂಗಿಲ್ಲ."

ನಾನು ಬೈಯಲಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ ಮಂಡಕ್ಕಿ, ಮಿರ್ಚಿ ಕೊಡಿಸಿ ಪಾಠ ಹೇಳಿದೆ. "ನಾ ನಿನ್ನ ಕಿರಿಬೆರಳು ಒತ್ತಿದ್ನಂದ್ರ ಬಾಯಿ ಮುಚ್ಚಬೇಕು. ನಾ 'ಈಗ ಹೇಳು' ಅನ್ನೋ ಮಟ ಒಂದ ಮಾತು ಬರಬಾರದು. ತಿಳೀತಿಲ್ಲ?" ತಿಳಿಯಿತು. ಒಂದೇ ಸಲಕ್ಕೆ ತಿಳಿಯಿತು. ಅಲ್ಲಿಂದ ಮುಂದೆ ಎಷ್ಟು ಹೊತ್ತು ಬೆರಳು ಹಿಡಿದಿದ್ದರೂ ಸುಮ್ಮನೆ ಇರುತ್ತಿದ್ದಳು. ಸಂತೆ ದಾಟಿ, "ಈಗ ಹೇಳು" ಅಂದರೆ ಸಾಕು — ಚೀಲ ಬಿಚ್ಚಿದ ಹಾಗೆ. ಯಾವ ಎಮ್ಮೆ ಹಿಂಗಾಲು ಎತ್ತಿ ಎತ್ತಿ ಇಡುತ್ತಿತ್ತು, ಯಾವ ಕರು ಆ ತಾಯಿಯದಲ್ಲ, ಯಾವ ಮಾಲೀಕ ಪದೇ ಪದೇ ಬಾಲದ ಕಡೆ ನಿಲ್ಲುತ್ತಿದ್ದ. ನಾನು ನೋಡದ್ದನ್ನೂ ಆಕೆ ನೋಡಿರುತ್ತಿದ್ದಳು.

ಆ ವರ್ಷ ಸಿಂಧನೂರಿನಲ್ಲಿ ಹೊಸ ಇಂಗ್ಲಿಷ್ ಶಾಲೆ ಶುರುವಾಗಿತ್ತು. ಮಸ್ಕಿಯವರೆಗೂ ಅದರ ವ್ಯಾನು ಬರುತ್ತಿತ್ತು. ಶಾಲೆಯ ಮಾಲೀಕರಿಗೆ ಅಕ್ಕಿ ಗಿರಣಿಯೂ ಇತ್ತು. ಮನೆಗೆ ಒಳ್ಳೆಯ ಹಾಲಿನ ಎಮ್ಮೆ ಬೇಕೆಂದು ನನ್ನನ್ನು ಕರೆಸಿದ್ದರು. ಅಂಥ ಎಮ್ಮೆ ಆಗ ನನ್ನ ಹತ್ತಿರ ಮಾತ್ರ ಇತ್ತು. ನಾನು ದರ ಇಳಿಸಿ, ಅದರ ಬದಲಿಗೆ ಮಗುವಿನ ಓದು ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, "ಒಂದ ಮಗು, ಎರಡಿಲ್ಲ. ನಮ್ಮ ಟೀಚರು ಪ್ರಾಣಿಗಳ ಹೆಸರು ಕೇಳ್ತಾರ, ಇಂಗ್ಲಿಷಿನ್ಯಾಗ. ಹೇಳೋ ಹುಡುಗಿ ಇದ್ರ ಕರಕೊಂಡು ಬಾ" ಅಂದರು.

ಎರಡು ಜಾಗ ಕೇಳಬಹುದಿತ್ತು. ಅವರಿಗೆ ಆ ಎಮ್ಮೆ ಬೇಕೇ ಬೇಕಿತ್ತು, ಅದು ಅವರ ಕಣ್ಣಲ್ಲಿ ಕಾಣುತ್ತಿತ್ತು. ಒಂದು ಕುರಿಮರಿಗೆ ಅರ್ಧ ದಿನ ಚೌಕಾಸಿ ಮಾಡುವವನು ನಾನು — ಅಕ್ಕ ತೊಡೆಯ ಮೇಲೆ ಕೂಡಿಸಿಹೋದ ಹುಡುಗಿಗಾಗಿ ಒಂದು ಮಾತು ಹೆಚ್ಚು ಆಡಲಿಲ್ಲ. ಸವಿತಾಳ ಹೆಸರು ಮನಸ್ಸಿನಲ್ಲಿ ಬರೆದುಕೊಂಡು ಎದ್ದುಬಂದೆ.

ಆದರೆ ಮನೆಯಲ್ಲಿ ಅವ್ವ ಬಿಡಲಿಲ್ಲ. "ಇಬ್ಬರನ್ನೂ ಕರಕೊಂಡು ಹೋಗು. ಯಾವಾಕಿ ಹೇಳ್ತಾಳ ಆಕಿ ಓದ್ಲಿ. ನಾಳೆ ಯಲ್ಲವ್ವ ಬಂದ್ರ ನಾ ಮಾರಿ ತೋರಸಬೇಕಲ್ಲೇ" ಅಂದಳು. ಆಗಲಿ ಅಂದೆ. ತಕ್ಕಡಿ ಸರಿಯಾಗಿದ್ದಂತೆ ಎಲ್ಲರಿಗೂ ಕಾಣಬೇಕು — ಅದೂ ವ್ಯಾಪಾರದ ಮಾತೇ.

ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಪ್ರಾಣಿಗಳ ಚಿತ್ರದ ಒಂದು ಚಾರ್ಟು ಕೊಂಡೆ. ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ. ದನದ ದವಾಖಾನೆಯ ಕಂಪೌಂಡರನ ಕೈಕಾಲು ಹಿಡಿದು ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಬರೆಸಿದೆ. ಕೌ, ಬಫೆಲೋ, ಗೋಟ್, ಶೀಪ್. ಪಡಸಾಲೆಯ ಗೋಡೆಗೆ ಅದನ್ನು ಮೊಳೆ ಹೊಡೆದು, ದಿನಾ ಸಂಜೆ ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ನಾನೂ ಕಲಿತೆ. ಹುಟ್ಟಿದಾಗಿನಿಂದ ಎಮ್ಮೆ ನಡುವೆ ಇದ್ದವನು ಬಫೆಲೋ ಅನ್ನಲು ಬೆವತುಹೋದೆ. ಅವ್ವ ಒಲೆಯ ಮುಂದಿನಿಂದಲೇ ನಗುತ್ತಿದ್ದಳು. "ಏನಲೇ, ಹೆಸರು ಬದಲಿ ಮಾಡಿದ್ರ ಹಾಲು ಹೆಚ್ಚಿಗಿ ಕೊಡ್ತೈತೇನು ಅದು?"

ಸವಿತಾ ಬೇಗ ಕಲಿತಳು, ಆದರೆ ಹಾಡಿನಂತೆ ಕಲಿತಳು. ಮೇಲಿನಿಂದ ಕೆಳಗೆ ಗಡಗಡ ಹೇಳುವಳು. ನಡುವಿನ ಆನೆಗೆ ಬೆರಳಿಟ್ಟರೆ ತಡವರಿಸಿ, ಮತ್ತೆ ಮೇಲೆ ಹೋಗಿ, ಕೌದಿಂದ ಇಳಿದು ಇಳಿದು ಎಲಿಫೆಂಟಿಗೆ ಬರಬೇಕು. ಹುಲಿಗೆಮ್ಮ ಚಾರ್ಟಿನ ಮುಂದೆ ಹೆಚ್ಚು ಹೊತ್ತು ಕೂಡುತ್ತಲೇ ಇರಲಿಲ್ಲ. ಒಂದೆರಡು ಸಲ ಕೇಳಿ ಹಿತ್ತಲಿನ ದೊಡ್ಡಿಗೆ ಹೋಗುವಳು. ಅಲ್ಲಿ ಆಡಿನ ಕಿವಿ ಹಿಡಿದು, "ಗೋಟ್, ಆಕಡೆ ಸರಿ" ಅನ್ನುವಳು. ರೊಟ್ಟಿಗೆ ಬಂದ ನಾಯಿಗೆ, "ಡಾಗ್, ಹಚ್ಯಾ" ಅನ್ನುವಳು. ಹುಲಿಯ ಚಿತ್ರ ತೋರಿಸಿದರೆ ಎದೆಗೆ ಕೈಯಿಟ್ಟು, "ಇದು ಟೈಗರು. ಇದು ನಾನ" ಅನ್ನುವಳು; ಹೆಸರಲ್ಲಿ ಹುಲಿ ಇದೆ ಎಂದು ಅವ್ವ ಹೇಳಿಕೊಟ್ಟಿದ್ದಳು. ಒಂದು ದಿನ ಬೇಲಿಯ ಮೇಲೆ ಕೂತಿದ್ದನ್ನು ತೋರಿಸಿ, "ಮಾವ, ಓತಿಕ್ಯಾತಕ್ಕ ಏನಂತಾರ?" ಅಂತ ಕೇಳಿದಳು. ಚಾರ್ಟಿನಲ್ಲಿ ಅದಿರಲಿಲ್ಲ. ಕಂಪೌಂಡರನಿಗೂ ಗೊತ್ತಿರಲಿಲ್ಲ. "ಗೊತ್ತಿಲ್ಲವ್ವ" ಅಂದೆ. ದೊಡ್ಡವರಿಗೂ ಗೊತ್ತಿಲ್ಲದ್ದು ಒಂದಿದೆಯಲ್ಲ ಅಂತ ಆಕೆಗೆ ಬಹಳ ಖುಷಿ.

ಹಲ್ಲು ನೋಡಿ ವಯಸ್ಸು ಹೇಳುವವನಿಗೆ ಇಬ್ಬರಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು ತಿಳಿಯಲಿಲ್ಲವೇ? ತಿಳಿದಿತ್ತು. ಚೆನ್ನಾಗಿ ತಿಳಿದಿತ್ತು.

ಶಾಲೆಗೆ ಹೋದ ದಿನ ಇಬ್ಬರಿಗೂ ಒಂದೇ ಬಣ್ಣದ ರಿಬ್ಬನ್ನು ಕಟ್ಟಿ ಕಳಿಸಿದ್ದಳು ಅವ್ವ. ಕೋಣೆಯಲ್ಲಿ ಒಬ್ಬರು ಟೀಚರು, ಆಂಧ್ರದ ಕಡೆಯವರು, ಒಳ್ಳೆಯ ಹೆಂಗಸು. ಗೋಡೆಯ ಮೇಲೆ ನಮ್ಮ ಮನೆಯಲ್ಲಿದ್ದಂಥದೇ ಚಾರ್ಟು. ಮೊದಲು ಸವಿತಾಳನ್ನು ಕರೆದರು. ಕೋಲನ್ನು ನೇರವಾಗಿ ಕುದುರೆಗೆ ಮುಟ್ಟಿಸಿದರು. ಸವಿತಾ, "ಕೌ, ಬಫೆಲೋ" ಅಂತ ಶುರು ಮಾಡಿದಳು. "ಅದಲ್ಲಮ್ಮ, ಇದು" ಅಂದರು. ಅವಳು ನನ್ನ ಮುಖ ನೋಡಿ ಕಣ್ಣು ತುಂಬಿಕೊಂಡಳು. ಹೇಗೋ ಮೂರು ನಾಲ್ಕು ಹೇಳಿದಳು. ಟೀಚರಿಗೆ ಸಮಾಧಾನ ಆದಂತೆ ಕಾಣಲಿಲ್ಲ. "ಇನ್ನೊಂದು ಪಾಪನ್ನ ನೋಡೋಣ" ಅಂದರು.

ಹುಲಿಗೆಮ್ಮನ ಕೈ ನನ್ನ ಕೈಯಲ್ಲಿತ್ತು. ಮೇಲೆ ಟವೆಲ್ಲು.

ಕೈ ತಾನಾಗಿ ಹೋಯಿತು, ಹಳೆಯ ರೂಢಿ — ಹೀಗೆ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಶಾಲೆಯ ಗೇಟಿನಲ್ಲೇ ಟವೆಲ್ಲನ್ನು ಹೆಗಲಿಂದ ಇಳಿಸಿ ಮುಂಗೈ ಮೇಲೆ ಹಾಕಿಕೊಂಡಿದ್ದೆ. ಎಮ್ಮೆ ಇಲ್ಲದ ಕಡೆ ಟವೆಲ್ಲಿಗೆ ಏನು ಕೆಲಸ?

ಟೀಚರು ಹಸುವನ್ನು ತೋರಿಸಿದರು. ಹುಡುಗಿಯ ತುಟಿ ಆಗಲೇ ದುಂಡಗಾಗಿತ್ತು. ಕಿರುಬೆರಳು ಒತ್ತಿದೆ. ತುಟಿ ಮುಚ್ಚಿತು. ನನ್ನ ಕಡೆ ನೋಡಿದಳು. ನಾನು ಚಾರ್ಟಿನ ಕಡೆ ನೋಡಿದೆ. ಕುರಿ ತೋರಿಸಿದರು, ಆನೆ ತೋರಿಸಿದರು. ಇಲ್ಲ. ಆಮೇಲೆ ಕೋಲು ಹುಲಿಯ ಮೇಲೆ ಹೋಯಿತು. ಆಕೆ ತುದಿಗಾಲ ಮೇಲೆ ಎದ್ದುಬಿಟ್ಟಳು — ಮೈಯೆಲ್ಲ ಆ ಹೆಸರು ಹೇಳುತ್ತಿತ್ತು, ಬಾಯೊಂದು ಬಿಟ್ಟು. ನಾನು ಇನ್ನೂ ಗಟ್ಟಿಯಾಗಿ ಒತ್ತಿದೆ. ಹಿಮ್ಮಡಿ ನೆಲಕ್ಕೆ ಬಂತು.

"ಈ ಪಾಪಕ್ಕೆ ಮಾತು ಬರುತ್ತಾ?" ಅಂತ ಕೇಳಿದರು ಟೀಚರು.

ಆಗ ನಾನು ಆ ಮಾತು ಹೇಳಿದೆ. ಯಾರೂ ಹೇಳೆಂದಿರಲಿಲ್ಲ. ಸುಮ್ಮನಿದ್ದರೂ ಕೆಲಸ ಆಗುತ್ತಿತ್ತು. ಆದರೂ ಹೇಳಿದೆ. "ಆಕಿ ಮಂದ ಅದಾಳ್ರೀ ಮೇಡಂ. ಆಕಿಗೆ ಏನೂ ಬರಂಗಿಲ್ಲ."

ಮಸ್ಕಿಯ ಬಸ್ಸಿನಲ್ಲಿ ಸವಿತಾ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಹುಲಿಗೆಮ್ಮ ಕಿಟಕಿಯ ಹತ್ತಿರ. ಕಾಲುವೆಯಲ್ಲಿ ಎಮ್ಮೆಗಳು ಮೂಗಿನವರೆಗೆ ಮುಳುಗಿ ಕೂತಿದ್ದವು. ಆಕೆ ನನ್ನ ತೋಳು ತಿವಿದು ಕೇಳಿದಳು, "ಈಗ ಹೇಳಲೇನು ಮಾವ?"

ನಾನು ಸವಿತಾಳ ರಿಬ್ಬನ್ನು ಸರಿಮಾಡುತ್ತ ಕೂತೆ. ಕೇಳಲಿಲ್ಲವೆಂದು ತಿಳಿದಳೋ ಏನೋ, ಇನ್ನೂ ಹತ್ತಿರ ಬಂದು ಕಿವಿಯಲ್ಲಿ ಗುಟ್ಟು ಹೇಳುವಂತೆ ಅಂದಳು: "ನೀ ನನಗ ಮಂದ ಅಂದಿ." ಆಕೆ ನಗುತ್ತಿದ್ದಳು. "ಚಲೋ ಎಮ್ಮಿಗೂ ಹಂಗ ಅಂತೀ ನೀನು. ಹಂಗಾರ ನನ್ನ ತಗಂತಾರ, ಹೌದಲ್ಲ?"

ಆ ಮಗು ನನ್ನ ವಿದ್ಯೆಯನ್ನು ಅಷ್ಟು ನಂಬಿತ್ತು. ತೆಗಳಿದ್ದು ಮನೆಗೆ ಬರುತ್ತದೆ ಎಂದು ನಾನೇ ಕಲಿಸಿದ್ದೆ. ತನ್ನನ್ನು ತೆಗಳಿದ್ದೂ ಅದೇ ವ್ಯಾಪಾರ, ಮಾವ ತನಗಾಗಿಯೇ ಹಾಗೆ ಮಾಡಿದ, ಗೆದ್ದವಳು ತಾನೇ — ಹೀಗೆ ತಿಳಿದು ಅಷ್ಟು ಹೊತ್ತು ಉಸಿರು ಹಿಡಿದು ಕಾದಿದ್ದಳು. ಎಲ್ಲ ಹೆಸರೂ ಬಾಯಲ್ಲಿ ತುಂಬಿಕೊಂಡಿದ್ದವು. ಎರಡೇ ಶಬ್ದ ನಾನು ಹೇಳಬೇಕಿತ್ತು, ಈಗ ಹೇಳು ಎಂದು.

"ಸುಮ್ನ ಕುಂದ್ರು" ಅಂದೆ.

ಸುಮ್ಮನೆ ಕೂತಳು. ಮಸ್ಕಿ ಬರುವವರೆಗೂ.

ಶಾಲೆ ಶುರುವಾದ ದಿನ ವ್ಯಾನು ಬಂತು. ಸವಿತಾ ಹತ್ತಿದಳು. ಹುಲಿಗೆಮ್ಮ ತಲೆ ಬಾಚಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ವ್ಯಾನು ತಿರುಗಿ ಹೋದ ಮೇಲೂ ನಿಂತಿದ್ದಳು, ಇನ್ನೊಂದು ಬರುತ್ತದೆ ಅನ್ನುವಂತೆ. ಆಮೇಲೆ ನನ್ನ ಮುಖ ನೋಡಿದಳು. ನಾನು ಗಾಡಿಯ ಚಕ್ರ ಒರೆಸುತ್ತಿದ್ದೆ. ಆಕೆ ಏನೂ ಕೇಳಲಿಲ್ಲ. ಮುಂದೆ ಎಂದೂ ಕೇಳಲಿಲ್ಲ. ನನ್ನ ಸಂಗಡ ಸಂತೆಗೆ ಬರುವುದನ್ನೂ ಬಿಟ್ಟಳು.

ಹಬ್ಬಕ್ಕೆ ಅಕ್ಕ ಊರಿಗೆ ಬಂದಾಗ ಅವ್ವ ತನಗೆ ತಿಳಿದದ್ದನ್ನು ಹೇಳಿದಳು. ಇಬ್ಬರನ್ನೂ ಕರೆದೊಯ್ದಿದ್ದ, ನಿನ್ನ ಮಗಳು ಒಂದೂ ಹೇಳಲಿಲ್ಲ ಎಂದು. ಅಕ್ಕ ಸಿಮೆಂಟಿಗೆ ಬಿರಿದ ಕೈಯಿಂದ ಮಗಳ ಬೆನ್ನಿಗೆ ಒಂದು ಹೊಡೆದು, "ನನ್ನ ಹೊಟ್ಟ್ಯಾಗ ಕಲ್ಲ ಹುಟ್ಟೇತಿ" ಅಂದಳು. ಹುಲಿಗೆಮ್ಮ ಅಳಲಿಲ್ಲ. ನಾನು ಅಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದೆ. "ಹೋಗ್ಲಿ ಬಿಡಕ್ಕ, ಎಲ್ಲಾರ ತಲಿಗೂ ಓದು ಹತ್ತಂಗಿಲ್ಲ" ಅಂದೆ. ಉಪದೇಶ. ಆಗಲೂ ಉಪದೇಶ.

ಆಕೆ ನಮ್ಮೂರಿನ ಶಾಲೆಗೆ ಒಂದಷ್ಟು ವರ್ಷ ಹೋದಳು. ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದಳಂತೆ. ಆಮೇಲೆ ತಮ್ಮನನ್ನು ನೋಡಿಕೊಳ್ಳಲು ಅಕ್ಕ ಬೆಂಗಳೂರಿಗೆ ಕರೆದುಕೊಂಡು ಹೋದಳು. ಆಮೇಲೆ ಮದುವೆ, ಜವಳಗೇರಾಕ್ಕೆ. ಸವಿತಾ ಓದಿದಳು. ಲಿಂಗಸುಗೂರಿನಲ್ಲಿ ಗಂಡನ ಜೊತೆ ಔಷಧಿ ಅಂಗಡಿ ನಡೆಸುತ್ತಾಳೆ. ಅವಳ ತಪ್ಪೇನೂ ಇಲ್ಲ, ಅವಳಿಗೆ ಏನೂ ಗೊತ್ತಿಲ್ಲ.

ಜವಳಗೇರಾದಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಹುಲಿಗೆಮ್ಮನೇ ಮುಂದಾಳು. ಹೊಲದ ಬದುವಿನ ಮೇಲೆ ನಿಂತು ಜಮೀನಿನವರ ಜೊತೆ ಕೂಲಿ ಮಾತಾಡುವುದನ್ನು ಒಮ್ಮೆ ಕಂಡಿದ್ದೇನೆ. ಆ ಮನುಷ್ಯ, "ಏನವ್ವ, ಹೊಲಾನ ಬರಕೊಡ್ಲೇನು?" ಅಂದರೆ, ಈಕೆ, "ಹೊಲಾ ನೀವ ಇಟ್ಗೋರಿ ಯಜಮಾನ್ರ, ನಮಗ ಸೊಂಟದ ಬಾಡಿಗಿ ಕೊಡ್ರಿ ಸಾಕು" ಅನ್ನುತ್ತಾಳೆ, ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಅದೇ ಹುಲಿಗೆಮ್ಮ ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಮೇಜಿನ ಹಿಂದೆ ಒಬ್ಬ ಮನುಷ್ಯ ಕೂತಿದ್ದರೆ ಸಾಕು, ಮೂಕಿ. ಸೆರಗು ಬಾಯಿಗೆ ಹೋಗುತ್ತದೆ. "ನೀನ ಹೇಳು ಮಾವ" ಅನ್ನುತ್ತಾಳೆ. ಅಂಥ ಕಡೆಗೆಲ್ಲ ನನ್ನನ್ನೇ ಕರೆಯುತ್ತಾಳೆ. ಮಾತಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ಈ ವರ್ಷ ಆಕೆಯ ಮಗಳು ಭಾಗ್ಯಳನ್ನು ಶಾಲೆಗೆ ಸೇರಿಸಬೇಕಾಗಿತ್ತು. ಸಿಂಧನೂರಿಗೇ. ಅದೇ ಶಾಲೆ ಅಲ್ಲ, ಅಂಥದೇ ಇನ್ನೊಂದು. ನನಗೆ ಫೋನು ಮಾಡಿದಳು, ಹೋದೆ. ಹೊರಗಿನ ಬೆಂಚಿನ ಮೇಲೆ ಮೂವರೂ ಕೂತಿದ್ದೆವು. ಒಳಗಿನಿಂದ ಮಕ್ಕಳು ಪ್ರಾಣಿಗಳ ಹೆಸರು ಹೇಳುವುದು ಕೇಳುತ್ತಿತ್ತು. ಹುಲಿಗೆಮ್ಮ ಮಗಳ ಕೂದಲು ಕಿವಿಯ ಹಿಂದೆ ಸರಿಸುತ್ತ ಹೇಳಿದಳು:

"ನಾನೂ ನಿನ್ನಷ್ಟಿದ್ದಾಗ ಇಂಥಾದ ಖೋಲ್ಯಾಗ ನಿಂತಿದ್ದೆ. ಈ ನಿಮ್ಮ ಮುತ್ಯಾ ಪಾಪ, ದಿನಾ ಕುಂದ್ರಿಸಿಕೊಂಡು ಕಲಿಸಿದ್ದ. ನನಗ ಒಂದೂ ಬರಲಿಲ್ಲ. ನಾ ಮಂದ ಇದ್ದೆ ಆವಾಗ. ನೀ ನನ್ನಂಗ ನಿಂದ್ರಬ್ಯಾಡ ಮತ್ತ."

ನಾನು ಕಾಯುತ್ತಿದ್ದೆ, ಮುಂದೆ ಬೆರಳಿನ ಮಾತು ಬರುತ್ತದೆ ಎಂದು. ಬರಲಿಲ್ಲ. ಆಕೆಯ ನೆನಪಿನಲ್ಲಿ ಆ ಬೆರಳೇ ಇಲ್ಲ, ಬಸ್ಸು ಇಲ್ಲ, ಕಾಲುವೆಯ ಎಮ್ಮೆಗಳಿಲ್ಲ. ನಾನು ಟೀಚರಿಗೆ ಹೇಳಿದ ಒಂದು ಸುಳ್ಳು ಮಾತ್ರ ಉಳಿದುಕೊಂಡಿದೆ. ಅದನ್ನೇ ನಿಜವೆಂದು ಆಕೆ ಮಗಳಿಗೆ ದಾಟಿಸುತ್ತಿದ್ದಾಳೆ — ನನ್ನನ್ನು ಹೊಗಳುತ್ತ.

ಆ ಬೆಂಚಿನ ಮೇಲೆ ಹೇಳಬಹುದಿತ್ತು. ಹೇಳಲಿಲ್ಲ. ಇದು ಎರಡನೆಯ ತಪ್ಪು, ಇದಕ್ಕೆ ವಯಸ್ಸಿನ ನೆಪವೂ ಇಲ್ಲ.

ಭಾಗ್ಯ ಒಳಗೆ ಹೋದಳು. ಎಲ್ಲ ಹೇಳಿದಳು. ಕೋಲು ಎಲ್ಲಿ ಹೋದರೆ ಅಲ್ಲಿ. ಕೇಳದ್ದನ್ನೂ ಹೇಳಿ ಟೀಚರನ್ನು ನಗಿಸಿ ಬಂದಳು. ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಕಾಂಪೌಂಡಿನ ಮೇಲೆ ಓತಿಕ್ಯಾತ ಕೂತಿತ್ತು. ಭಾಗ್ಯ ಬೆರಳು ಮಾಡಿ, "ಮುತ್ಯಾ, ಗಾರ್ಡನ್ ಲಿಜಾರ್ಡ್" ಅಂದಳು.

ನಾನು ನಿಂತುಬಿಟ್ಟೆ. "ಇದನ್ನ ಯಾರು ಕಲಿಸ್ಯಾರ ನಿನಗ?"

"ಅವ್ವ. ಫೋನಿನ್ಯಾಗ ಹುಡಿಕ್ಯಾಳ."

ಹುಲಿಗೆಮ್ಮ ನಾಚಿಕೊಂಡಳು. ಮಗಳಿಗೆ ಕಲಿಸಿದ ಬೇರೆ ಹೆಸರೆಲ್ಲ ನಿನಗೆ ಎಲ್ಲಿಂದ ಬಂದವು ಎಂದು ಕೇಳಿದೆ. "ಯಾರಿಗೊತ್ತು ಮಾವ. ಸವಿತಾ ಓದೋದು ಕೇಳಿ ಕೇಳಿ ಕಿವ್ಯಾಗ ಉಳದಿರಬೇಕು" ಅಂದಳು.

ಅಂದು ಮನೆಗೆ ಬಂದವನು ಮುಂದಿನ ಸಂತೆಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಕಾಲು ನೋವು ಅಂದೆ. ಕೊನೆಗೆ ಮೊನ್ನೆ ಜವಳಗೇರಾಕ್ಕೆ ಹೋದೆ.

ಆಕೆ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ, ಮೇಲೆ ಬರೆದ ಹಾಗೆಯೇ. ಆಕೆ ಮೊರ ನಿಲ್ಲಿಸಲಿಲ್ಲ. ನಕ್ಕಳು. "ಮಾವ, ನನ್ನ ಸಮಾಧಾನಕ್ಕ ಕತಿ ಕಟ್ಟಾಕತ್ತೀದಿ ನೀನು. ಎಮ್ಮಿ ಮಾರೋರ ಮಾತು ಯಾರು ನಂಬ್ತಾರ?"

ಜೀವಮಾನವೆಲ್ಲ ಸುಳ್ಳನ್ನು ನಂಬಿಸಿದವನಿಗೆ ನಿಜ ನಂಬಿಸಲು ಆಗುತ್ತಿರಲಿಲ್ಲ. "ಹುಲಿ ತೋರಿಸಿದಾಗ ನೀ ತುದ್ಗಾಲ ಮ್ಯಾಲ ಎದ್ದಿದ್ದಿ" ಅಂದೆ. ಮೊರ ಸ್ವಲ್ಪ ನಿಧಾನವಾಯಿತು. "ಬಸ್ಸಿನ್ಯಾಗ, 'ಚಲೋ ಎಮ್ಮಿಗೂ ಮಂದ ಅಂತೀ, ಹಂಗಾರ ನನ್ನ ತಗಂತಾರ ಹೌದಲ್ಲ' ಅಂದಿದ್ದಿ" ಅಂದೆ.

ಮೊರ ನಿಂತಿತು. ಆಕೆಯ ಬಲಗೈ ಎಡಗೈಯ ಕಿರುಬೆರಳನ್ನು ಹಿಡಿದುಕೊಂಡಿತ್ತು. ಆಕೆಗೆ ಅದು ಗೊತ್ತಾದಂತೆ ಕಾಣಲಿಲ್ಲ. ಕೋಳಿಯೊಂದು ಬಂದು ಮೊರದೊಳಗಿನ ಅಕ್ಕಿ ಹೆಕ್ಕತೊಡಗಿತು. ಓಡಿಸಲಿಲ್ಲ.

"ನನಗ ಬರ್ತಿತ್ತು" ಅಂದಳು. ನನಗೆ ಹೇಳಿದ್ದಲ್ಲ ಅದು.

"ಎಲ್ಲಾ ಬರ್ತಿತ್ತವ್ವ."

ಏನು ಮಾಡಲೂ ತೋಚದೆ ಆಕೆಯ ಕೈ ಹಿಡಿಯಲು ಹೋದೆ. ಟವೆಲ್ಲು ಹೆಗಲಿಂದ ಜಾರಿ ನಮ್ಮ ಕೈಗಳ ಮೇಲೆ ಬಿತ್ತು. ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಟವೆಲ್ ತಗೀ ಮಾವ."

ತೆಗೆದೆ.

"ಈಗ ನೀ ಹೇಳು" ಅಂದಳು.

"ಹೇಳಿದ್ನಲ್ಲವ್ವ."

"ನನಗಲ್ಲ. ನಮ್ಮವ್ವಗ. ಹೊಟ್ಟ್ಯಾಗ ಕಲ್ಲ ಹುಟ್ಟೇತಿ ಅಂದಾಕಿ ಆಕಿ. ಕಲ್ಲಲ್ಲ ಅಂತ ನಿನ್ನ ಬಾಯಿಂದ ಆಕಿ ಕಿವಿಗೆ ಬೀಳ್ಲಿ."

ಅಕ್ಕ ಈಗ ಗಂಡನ ಊರು ಸಾಲಗುಂದದಲ್ಲಿ ಇದ್ದಾಳೆ. ಮಂಡಿ ಹಿಡಿದುಹೋಗಿದೆ, ಎಲ್ಲೂ ಹೋಗುವುದಿಲ್ಲ. ನಾನು ಬಾಯಿ ತೆರೆದೆ. ಅಕ್ಕನಿಗೆ ವಯಸ್ಸಾಗಿದೆ, ಈಗ ಯಾಕೆ, ಸವಿತಾಳಿಗೆ ಗೊತ್ತಾದರೆ, ಮುಂದಿನ ಹಬ್ಬಕ್ಕೆ ನೋಡೋಣ — ಬೆರಳಿಗೊಂದರಂತೆ ಮಾತುಗಳು ಸಾಲಾಗಿ ಬಂದು ನಿಂತವು. ಹುಲಿಗೆಮ್ಮ ನನ್ನ ಮುಖ ನೋಡಿದಳು.

"ಚೌಕಾಸಿ ಮಾಡಬ್ಯಾಡ" ಅಂದಳು.

ಕೋಳಿಯನ್ನು ಅಟ್ಟಿ ಮತ್ತೆ ಮೊರ ಎತ್ತಿಕೊಂಡಳು. ನಾನು ಎದ್ದೆ. ಹೋಗಿ ಬಾ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಅವ್ವ ಇಲ್ಲ. ಮೊಮ್ಮಗಳು ದಡ್ಡಿ ಎಂದೇ ತಿಳಿದು ಸತ್ತಳು; ಆ ಬಾಗಿಲು ಮುಚ್ಚಿತು. ಸವಿತಾಳಿಗೆ ಹೇಳಬೇಕು, ಹೇಳುತ್ತೇನೆ. ಮೊದಲು ಅಕ್ಕ.

ಇಷ್ಟು ಬರೆದ ಮೇಲೆ ಯಾರಿಗಾದರೂ ಒಂದು ಬುದ್ಧಿಮಾತು ಹೇಳಿ ಮುಗಿಸುವುದು ನನ್ನ ರೂಢಿ. ಹುಡುಕಿದೆ. ನನ್ನ ಹತ್ತಿರ ಯಾವುದೂ ಇಲ್ಲ.

ನಾಳೆ ಬೆಳಗಿನ ಬಸ್ಸಿಗೆ ಸಾಲಗುಂದಕ್ಕೆ ಹೋಗುತ್ತೇನೆ. ಟವೆಲ್ಲು ಗೂಟದ ಮೇಲಿದೆ, ಅಲ್ಲೇ ಇರಲಿ. ಅಕ್ಕನ ಎದುರಿಗೆ ಕೂತು, ಎರಡೂ ಕೈ ಆಕೆಗೆ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಂಡು ಹೇಳುತ್ತೇನೆ.